ನಿರ್ವಾಣವೂ ನಿತ್ಯಜೀವವೂ ಒಂದೇ ಎನ್ನಬಹುದೇ?

ಬೌದ್ಧರ ನಿರ್ವಾಣ ಮತ್ತು ಕ್ರೈಸ್ತರ ನಿತ್ಯಜೀವ (ದೇವರೊಡನೆ ಕೊನೆಯಿಲ್ಲದ ಬದುಕು) ಒಂದೇ ಗುರಿಯ ಎರಡು ಹೆಸರುಗಳಲ್ಲವೇ ಎಂದು ಕೇಳಿದ್ದೀರಿ. ಅಲ್ಲವೆಂದೇ ನನ್ನ ಉತ್ತರ.

ಈ ಲೋಕ ಸ್ಥಿರವಲ್ಲ ಎಂಬ ವಿಷಯದಲ್ಲಿ ಇಬ್ಬರಿಗೂ ತಕರಾರಿಲ್ಲ. ಹುಲ್ಲು ಒಣಗುವುದು, ಹೂವು ಬಾಡುವುದು ಎಂದು ಬೈಬಲಿನ ಯೆಶಾಯನ ಗ್ರಂಥವೂ ಹೇಳುತ್ತದೆ. ತಕರಾರಿರುವುದು ಪರಲೋಕದ ವಿಚಾರದಲ್ಲಿ. ಬುದ್ಧನ ಉಪದೇಶಗಳ ಸಂಗ್ರಹವಾದ ಮಜ್ಝಿಮ ನಿಕಾಯದ ಒಂದು ಸುತ್ತದಲ್ಲಿ, ಅಂದರೆ ಉಪದೇಶದಲ್ಲಿ, ಬಕನೆಂಬ ಬ್ರಹ್ಮನು (ಬೌದ್ಧರಲ್ಲಿ ಬ್ರಹ್ಮನೆಂದರೆ ಮೇಲಿನ ಲೋಕದ ಒಬ್ಬ ದೇವತೆ) ತನ್ನ ಲೋಕವೇ ಶಾಶ್ವತ, ಇಲ್ಲಿ ಹುಟ್ಟು, ಮುಪ್ಪು, ಸಾವುಗಳಿಲ್ಲ, ಇದಕ್ಕಿಂತ ಮಿಗಿಲಾದ ಬಿಡುಗಡೆಯೂ ಇಲ್ಲ ಎಂದು ನಂಬಿರುತ್ತಾನೆ. ಬುದ್ಧನು ಅಲ್ಲಿಗೇ ಹೋಗಿ, ಅನಿತ್ಯವಾದುದನ್ನು ನಿತ್ಯವೆನ್ನುವುದು ಅವಿದ್ಯೆ ಎಂದು ಅವನ ಮುಖಕ್ಕೇ ಹೇಳುತ್ತಾನೆ. ಮಾತಿಗೆ ಮಾತು ಬೆಳೆದು, ನಿನ್ನ ಕಣ್ಣಿಗೆ ಬೀಳದಂತೆ ಮಾಯವಾಗುತ್ತೇನೆಂದು ಹೊರಟ ಬಕನಿಗೆ ಅದು ಸಾಧ್ಯವಾಗುವುದಿಲ್ಲ. ಬುದ್ಧನು ಮಾಯವಾಗಿ ದನಿಯನ್ನಷ್ಟೇ ಕೇಳಿಸುತ್ತಾನೆ. (ಸುತ್ತಗಳಲ್ಲಿ ಹಾಸ್ಯವಿಲ್ಲ ಎನ್ನುವವರು ಇದನ್ನು ಓದಬೇಕು.)

ಸಾರನಾಥದಲ್ಲಿ ಬುದ್ಧನ ಮೊದಲ ಉಪದೇಶವನ್ನು ಕೇಳಿದ ಶಿಷ್ಯ ಕೌಂಡಿನ್ಯನಿಗೆ ಹೊಳೆದದ್ದು, ಹುಟ್ಟುವ ಸ್ವಭಾವದ್ದೆಲ್ಲವೂ ಅಳಿಯುವ ಸ್ವಭಾವದ್ದೇ ಎಂಬ ಸತ್ಯ. ಕ್ರೈಸ್ತರ ನಿತ್ಯಜೀವವು ಈ ನಿಯಮಕ್ಕೆ ನೇರವಾಗಿ ವಿರುದ್ಧವಾಗಿದೆ, ಏಕೆಂದರೆ ಒಬ್ಬ ಮನುಷ್ಯನ ಪಾಲಿಗೆ ಅದಕ್ಕೆ ಆರಂಭವಿದೆ, ಅಂತ್ಯವಿಲ್ಲ. ನಿರ್ವಾಣಕ್ಕೆ ಈ ತೊಡಕಿಲ್ಲ. ಉದಾನವೆಂಬ ಬೌದ್ಧ ಗ್ರಂಥವು ಅದನ್ನು ಹುಟ್ಟದ್ದು, ಯಾರೂ ಮಾಡದ್ದು ಎನ್ನುತ್ತದೆ. ಅಲ್ಲಿಗೆ ಹೋಗಿ ನೆಲೆಸುವ ‘ನಾನು’ ಎಂಬುದೂ ಇಲ್ಲ.

ಹಾಗೆಂದು ಕ್ರೈಸ್ತರ ನಂಬಿಕೆ ಆತ್ಮದ ಸಹಜ ಅಮರತ್ವವನ್ನೇ ನೆಚ್ಚಿಕೊಂಡಿದೆ ಎಂದು ತಿಳಿಯಬಾರದು. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 15ನೆಯ ಅಧ್ಯಾಯದಲ್ಲಿ ಪೌಲನ ಮಾತೆಲ್ಲ ಪುನರುತ್ಥಾನದ (ಸತ್ತವರು ಮತ್ತೆ ಎದ್ದುಬರುವುದರ) ಬಗ್ಗೆ: ಬಿತ್ತಿದ ಬೀಜ ಸಾಯದೆ ಜೀವ ಪಡೆಯುವುದಿಲ್ಲ, ಅದಕ್ಕೆ ದೇಹವನ್ನು ಕೊಡುವವನು ದೇವರು. ಯೋಹಾನನ ಸುವಾರ್ತೆಯ 17ನೆಯ ಅಧ್ಯಾಯದ ಪ್ರಾರ್ಥನೆಯಲ್ಲಿ ಯೇಸುವು, ಏಕೈಕ ಸತ್ಯದೇವರನ್ನೂ ಆತನು ಕಳುಹಿಸಿಕೊಟ್ಟವನನ್ನೂ ತಿಳಿಯುವುದೇ ನಿತ್ಯಜೀವ ಎನ್ನುತ್ತಾನೆ. ತಿಳಿಯುವುದೆಂದ ಮೇಲೆ ತಿಳಿಯುವವನು ಉಳಿಯಲೇಬೇಕು. ಆದರೆ ಅವನು ಉಳಿಯುವುದು ಸ್ವಂತ ಬಲದಿಂದಲ್ಲ, ದೇವರು ಉಳಿಸಿಕೊಳ್ಳುವುದರಿಂದ. ಬುದ್ಧನ ಅನಿತ್ಯವಾದಕ್ಕೆ ಕ್ರೈಸ್ತರು ಕೊಡಬಲ್ಲ ಗಟ್ಟಿ ಉತ್ತರವೆಂದರೆ ಇದೇ ಎಂದು ನನಗನ್ನಿಸುತ್ತದೆ.

ಆ ಉತ್ತರವಾದರೂ ನಿಲ್ಲಬೇಕಾದರೆ ಸೃಷ್ಟಿಕರ್ತನನ್ನು ಮೊದಲು ಒಪ್ಪಬೇಕು, ಬೌದ್ಧರು ಒಪ್ಪುವುದಿಲ್ಲ. ಅವರ ದೃಷ್ಟಿಯಲ್ಲಿ ಹಾಗೆ ಉಳಿಸಿಕೊಳ್ಳುವೆನೆನ್ನುವ ದೇವರೂ ಇನ್ನೊಬ್ಬ ಬಕನೇ. ಕ್ರೈಸ್ತರ ದೃಷ್ಟಿಯಲ್ಲಾದರೋ ಬಕನು ಸೃಷ್ಟಿಗೆ ಸೇರಿದ ಒಂದು ಜೀವಿ, ಅವನನ್ನು ಸೋಲಿಸಿದ ಮಾತ್ರಕ್ಕೆ ಸೃಷ್ಟಿಕರ್ತನನ್ನು ಅಲ್ಲಗಳೆದಂತಾಗುವುದಿಲ್ಲ.