ಲೀಶ್ಮೇನಿಯಾ ವಿರುದ್ಧ ಸಿಕ್ಕಿರುವ ಸಂಯುಕ್ತದ ಬಲವನ್ನು ಇನ್ನಷ್ಟು ಹೆಚ್ಚಿಸುವುದು ಹೇಗೆ?

ಮರಳುನೊಣದ ಮೂಲಕ ಹರಡುವ ಲೀಶ್ಮೇನಿಯಾ ಎಂಬ ಏಕಕೋಶ ಪರಾವಲಂಬಿಯ ಒಂದು ರೂಪವಾದ ಪ್ರೋಮ್ಯಾಸ್ಟಿಗೋಟ್‌ಗಳನ್ನು ಅತಿ ಕಡಿಮೆ ಸಾಂದ್ರತೆಯಲ್ಲೇ ಕೊಲ್ಲುವ ಸಂಯುಕ್ತ ಸಿಕ್ಕಿದೆ, ಅದರ ರಚನೆಯಲ್ಲಿ ಮುಂದೆ ಏನನ್ನು ಬದಲಿಸಲಿ ಎಂದು ಕೇಳಿದ್ದೀರಿ. ಸಂಶೋಧನೆಗೆ ಇಳಿದ ಹೊಸತರಲ್ಲಿ ನನ್ನನ್ನು ಕಾಡಿದ್ದೂ ಇದೇ ಪ್ರಶ್ನೆ. ಸದ್ಯಕ್ಕೆ ಏನನ್ನೂ ಬದಲಿಸಬೇಡಿ ಎಂಬುದೇ ನನ್ನ ಉತ್ತರ.

ಈ ಪರಾವಲಂಬಿ ತರುವ ಕಾಲಾ ಅಜಾರ್ ರೋಗಕ್ಕೆ ಔಷಧ ಹುಡುಕುತ್ತಿದ್ದ ತಂಡದಲ್ಲಿ ನಾನು ರಸಾಯನಶಾಸ್ತ್ರದ ಭಾಗವನ್ನು ನೋಡಿಕೊಳ್ಳುತ್ತಿದ್ದೆ. ಪ್ರೋಮ್ಯಾಸ್ಟಿಗೋಟ್‌ಗಳು ಫ್ಲಾಸ್ಕಿನಲ್ಲಿ ಸಲೀಸಾಗಿ ಬೆಳೆಯುತ್ತವೆ. ಕಶಾಂಗ ಬೀಸುತ್ತ ಚುರುಕಾಗಿ ಓಡಾಡುವ ಅವು ಸಂಯುಕ್ತ ಸೋಕಿದೊಡನೆ ದುಂಡಗಾಗಿ ನಿಶ್ಚಲವಾಗುವುದನ್ನು ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ಕಾಣಬಹುದು. ಇಂಗಾಲದ ಸರಪಳಿಯನ್ನು ಉದ್ದಮಾಡಿದಷ್ಟೂ ಫಲಿತಾಂಶ ಉತ್ತಮವಾಗುತ್ತಿದ್ದುದರಿಂದ ನಾನು ಅದೇ ದಾರಿಯಲ್ಲಿ ಬಹುದೂರ ಸಾಗಿದೆ. ಕೊನೆಗೆ ಸೋಂಕಿತ ಮ್ಯಾಕ್ರೋಫೇಜ್‌ಗಳ (ರೋಗಾಣುಗಳನ್ನು ನುಂಗುವ ರಕ್ಷಣಾ ಕೋಶಗಳ) ಮೇಲೆ ಪರೀಕ್ಷಿಸಿದಾಗ ಒಳಗಿದ್ದ ಪರಾವಲಂಬಿಗಳು ಹಾಗೆಯೇ ಉಳಿದಿದ್ದವು. ಪ್ರಮಾಣ ಹೆಚ್ಚಿಸಿದರೆ ಸಾಯುತ್ತಿದ್ದುದು ಮ್ಯಾಕ್ರೋಫೇಜ್‌ಗಳೇ.

ತಪ್ಪು ಎಲ್ಲಿತ್ತೆಂಬುದನ್ನು ಬಿಡಿಸಿ ಹೇಳಬೇಕು. ಪ್ರೋಮ್ಯಾಸ್ಟಿಗೋಟ್ ಎಂಬುದು ಮರಳುನೊಣದ ಕರುಳಿನಲ್ಲಿರುವ ರೂಪ. ರೋಗಿಯನ್ನು ನರಳಿಸುವುದು ಅಮ್ಯಾಸ್ಟಿಗೋಟ್; ಅದು ಮ್ಯಾಕ್ರೋಫೇಜಿನೊಳಗೆ, ಸುಮಾರು 5 ಪಿಎಚ್‌ನಷ್ಟು ಆಮ್ಲೀಯವಾದ ಕೋಶಕುಹರದಲ್ಲಿ, ನಿಧಾನವಾಗಿ ವಿಭಜಿಸುತ್ತ ಬದುಕುತ್ತದೆ. ಸಂಯುಕ್ತವು ಮ್ಯಾಕ್ರೋಫೇಜಿನ ಪೊರೆ, ಕುಹರದ ಪೊರೆ, ಪರಾವಲಂಬಿಯ ಪೊರೆ ಇವು ಮೂರನ್ನೂ ದಾಟಬೇಕು, ಆ ಆಮ್ಲದಲ್ಲೂ ಕೆಲಸಮಾಡಬೇಕು. ಎರಡು ರೂಪಗಳ ಚಯಾಪಚಯವೂ ಒಂದೇ ಅಲ್ಲ. ನಾನು ಜೋಡಿಸಿದ ಉದ್ದನೆಯ ಸರಪಳಿ ಎದುರಾದ ಪೊರೆಯನ್ನೆಲ್ಲ ಹಾಳುಮಾಡುತ್ತಿತ್ತು; ಅದನ್ನೇ ನಾನು ಔಷಧಗುಣವೆಂದು ಭಾವಿಸಿದ್ದೆ.

ಇದರ ವಿಲೋಮವೂ ಅಷ್ಟೇ ನಿಜ. ದಶಕಗಳ ಕಾಲ ಕಾಲಾ ಅಜಾರ್‌ಗೆ ಮುಖ್ಯ ಔಷಧವಾಗಿದ್ದ ಪಂಚವೇಲೆನ್ಸಿಯ ಆಂಟಿಮನಿ ಪ್ರೋಮ್ಯಾಸ್ಟಿಗೋಟ್‌ಗಳ ಮೇಲೆ ಅಷ್ಟಾಗಿ ಪರಿಣಾಮ ಬೀರುವುದಿಲ್ಲ. ಅದು ತ್ರಿವೇಲೆನ್ಸಿಯ ರೂಪಕ್ಕೆ ಇಳಿದ ಮೇಲೆಯೇ ಕೊಲ್ಲುವ ಶಕ್ತಿ ಪಡೆಯುತ್ತದೆ. ಪ್ರೋಮ್ಯಾಸ್ಟಿಗೋಟ್‌ಗಳನ್ನಷ್ಟೇ ನೋಡುವ ನಿಮ್ಮ ಜರಡಿಯಲ್ಲಿ ಅದು ಮೊದಲ ದಿನವೇ ಹೊರಬೀಳುತ್ತಿತ್ತು.

ಬಲವೇ ಎಲ್ಲಕ್ಕಿಂತ ಮುಖ್ಯ ಎಂಬ ನಿಮ್ಮ ನಂಬಿಕೆಯನ್ನೂ ನಾನು ಒಪ್ಪುವುದಿಲ್ಲ. ಮೂಲತಃ ಕ್ಯಾನ್ಸರ್‌ಗಾಗಿ ರೂಪಿಸಿದ್ದ ಮಿಲ್ಟೆಫೋಸಿನ್‌ಗೆ 2002ರಲ್ಲಿ ಭಾರತದಲ್ಲಿ ಕಾಲಾ ಅಜಾರ್ ಚಿಕಿತ್ಸೆಗೆ ಅನುಮತಿ ದೊರೆತದ್ದು ಅದರ ಪ್ರಚಂಡ ಬಲದಿಂದಲ್ಲ. ಪರಾವಲಂಬಿಯನ್ನು ಕೊಲ್ಲಲು ಅದಕ್ಕೆ ಬೇಕಾದ ಸಾಂದ್ರತೆ ಮೈಕ್ರೋಮೋಲಾರ್ ಮಟ್ಟದ್ದು, ಅಂದರೆ ಅದರ ಬಲ ಸಾಧಾರಣವಾದದ್ದೇ. ಚುಚ್ಚುಮದ್ದಿಲ್ಲದೆ ಬಾಯಿಯ ಮೂಲಕ ಕೊಡಬಹುದೆಂಬುದು ಅದರ ದೊಡ್ಡ ಗುಣ. 28 ದಿನಗಳ ಚಿಕಿತ್ಸೆ, ಗರ್ಭಸ್ಥ ಶಿಶುವಿಗೆ ಹಾನಿಯ ಭಯ, ಇವೇ ಅದರ ತೊಡಕುಗಳು. ಬಲವನ್ನು ಹತ್ತು ಪಟ್ಟು ಹೆಚ್ಚಿಸಿದ ಮಾತ್ರಕ್ಕೆ ಗರ್ಭಕ್ಕೆ ಆಗುವ ಹಾನಿ ನೀಗುವುದಿಲ್ಲ.

ಆದ್ದರಿಂದ ಡಾಕಿಂಗ್ ಚಿತ್ರಗಳನ್ನು (ಅಣುವು ಗುರಿಗೆ ಹೇಗೆ ಅಂಟುತ್ತದೆಂದು ಕಂಪ್ಯೂಟರ್ ಊಹಿಸುವ ಚಿತ್ರಗಳನ್ನು) ನಂಬಿ, ಉಳಿದಿರುವ ಸಂಯುಕ್ತವನ್ನು ಅದರ ಹೊಸ ರೂಪಾಂತರಗಳನ್ನು ತಯಾರಿಸಲು ಸುರಿಯಬೇಡಿ. 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸೋಂಕಿತ ಮ್ಯಾಕ್ರೋಫೇಜ್‌ಗಳ ಮೇಲೆ ಪರೀಕ್ಷಿಸಿ, ಜೊತೆಯಲ್ಲೇ ಸೋಂಕಿಲ್ಲದ ಮ್ಯಾಕ್ರೋಫೇಜ್‌ಗಳ ಮೇಲಿನ ವಿಷತ್ವವನ್ನೂ ಅಳೆಯಿರಿ. ಮ್ಯಾಕ್ರೋಫೇಜನ್ನು ಕೊಲ್ಲುವ ಸಾಂದ್ರತೆ ಪರಾವಲಂಬಿಯನ್ನು ಕೊಲ್ಲುವ ಸಾಂದ್ರತೆಗಿಂತ ಕನಿಷ್ಠ ಹತ್ತು ಪಟ್ಟು ಹೆಚ್ಚಿಲ್ಲದಿದ್ದರೆ, ಎಷ್ಟೇ ಪ್ರೀತಿಯ ಸಂಯುಕ್ತವಾದರೂ ಕೈಬಿಡಿ. ಹೋಲಿಕೆಗಾಗಿ ಮಿಲ್ಟೆಫೋಸಿನ್ ಅನ್ನೂ ಅದೇ ಪ್ಲೇಟಿನಲ್ಲಿ ಇರಿಸಿ. ಅದು ನಿರೀಕ್ಷಿತ ಫಲಿತಾಂಶ ಕೊಡದಿದ್ದರೆ ಆ ದಿನದ ಅಂಕಿಅಂಶಗಳನ್ನು ಪೂರ್ತಿಯಾಗಿ ತೆಗೆದುಹಾಕಿ, ಮತ್ತೆ ಮಾಡಿ.