ಬೆಳಗಾವಿಯ ಬಾಡಿಗೆ ಮನೆಗಳಿಗೆ ಮ್ಯಾನೇಜರ್ ಇಡಬೇಕಾ?

ಬೆಳಗಾವಿಯಲ್ಲಿ ಅಪ್ಪ ಕಟ್ಟಿಸಿದ ಎರಡು ಬಾಡಿಗೆ ಮನೆ ಇವೆ, ನಾವು ಪುಣೆಯಲ್ಲಿದ್ದೇವೆ, ಊರಲ್ಲಿರುವ ಸೋದರಮಾವನಿಗೆ ನೋಡಿಕೊಳ್ಳಲು ಹೇಳೋಣವೋ, ದುಡ್ಡು ಕೊಟ್ಟು ಮ್ಯಾನೇಜರ್ ಇಡೋಣವೋ ಅಂತ ಕೇಳಿದ್ದೀರಿ. ಮ್ಯಾನೇಜರ್ ಇಡಿ. ಆದರೆ ಬಾಡಿಗೆ ದುಡ್ಡು ಅವರ ಕೈಗೆ ಹೋಗದ ಹಾಗೆ ಇಡಿ.

ನನ್ನವೂ ಟಿಳಕವಾಡಿಯಲ್ಲಿ ಎರಡು ಮನೆ ಇವೆ. ನಾನಿರುವುದು ಬೆಂಗಳೂರಿನಲ್ಲಿ. ಮೊದಲು ಒಬ್ಬ ಏಜೆಂಟನಿಗೆ ಎಲ್ಲ ಒಪ್ಪಿಸಿದ್ದೆ. ಬಾಡಿಗೆ ವಸೂಲಿ, ರಿಪೇರಿ, ಕರಾರು ಪತ್ರದ ಸಹಿ ಕೂಡ ಅವನದ್ದೇ. ಪ್ರತಿ ತಿಂಗಳು ದುಡ್ಡು ಬರುತ್ತಿತ್ತು, ಹಾಗಾಗಿ ಕರಾರಿನ ಪ್ರತಿ ನಾನು ಕೇಳಲೇ ಇಲ್ಲ. ಎರಡು ವರ್ಷದ ಮೇಲೆ ಬಾಡಿಗೆದಾರರು ಮನೆ ಬಿಟ್ಟರು. ಏಜೆಂಟ್ ನನಗೆ ಹಾಕಿದ್ದ ಡಿಪಾಸಿಟ್ 40,000. ನಾನು ಅಷ್ಟು ವಾಪಸ್ ಕೊಡಲು ಹೋದರೆ ಅವರು ಪರ್ಸಿನಿಂದ ನಾಲ್ಕು ಮಡಿಕೆಯ ಚೀಟಿ ತೆಗೆದರು. "ಸರ, ನಾ ಅರವತ್ತ ಸಾವಿರ ಕೊಟ್ಟೇನ್ರಿ, ಇಲ್ಲಿ ಸಹಿ ಐತಿ ನೋಡ್ರಿ." ಏಜೆಂಟನ ಸಹಿಯೇ. ಪಾಪ, ಅವರ ತಪ್ಪೇನಿತ್ತು? ಉಳಿದ 20,000 ನಾನೇ ಕೈಯಿಂದ ಹಾಕಿ ಕೊಟ್ಟೆ.

ಅದಕ್ಕೇ ಹೇಳುತ್ತೇನೆ, ಬಾಡಿಗೆ ಮತ್ತು ಡಿಪಾಸಿಟ್ ಎರಡೂ ಬಾಡಿಗೆದಾರರಿಂದ ನೇರವಾಗಿ ನಿಮ್ಮ ಬ್ಯಾಂಕ್ ಖಾತೆಗೆ ಬರಲಿ. ಮ್ಯಾನೇಜರ್‌ಗೆ ಕೊಡಬೇಕಾದ್ದನ್ನು ಆಮೇಲೆ ನೀವು ಕಳಿಸಿ. ನಾನೀಗ ತಿಂಗಳ ಬಾಡಿಗೆಯಲ್ಲಿ ನೂರಕ್ಕೆ 8 ಕೊಡುತ್ತೇನೆ. ಕರಾರಿಗೆ ನೀವೇ ಸಹಿ ಹಾಕಿ. ಒಂದು ವರ್ಷ ಮೀರಿದ ಕರಾರನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಲೇಬೇಕು, ಅದಕ್ಕೇ ಎಲ್ಲರೂ 11 ತಿಂಗಳಿಗೆ ಮಾಡಿಸುವುದು. ಹಾಗಾಗಿ ವರ್ಷಕ್ಕೊಮ್ಮೆ ಊರಿಗೆ ಹೋದಾಗ ಸಹಿ ಮುಗಿಸಬಹುದು. ತೀರಾ ಆಗುವುದಿಲ್ಲ ಅಂದರೆ ಬಾಡಿಗೆ ಕರಾರಿಗೆ ಮಾತ್ರ ಅಂತ ಬರೆದ ಅಧಿಕಾರ ಪತ್ರ ಕೊಡಿ. ಎಲ್ಲದಕ್ಕೂ ಸೇರಿಸಿ ಜನರಲ್ ಪವರ್ ಆಫ್ ಅಟಾರ್ನಿ ಮಾತ್ರ ಬೇಡ, ಎಷ್ಟೇ ಪರಿಚಯದವರಾದರೂ.

ಇನ್ನು ಒಳ್ಳೆಯವರನ್ನು ಹೇಗೆ ಗುರುತಿಸುವುದು? ಬಾಡಿಗೆದಾರರನ್ನು ಹುಡುಕಿ ಕೊಡುವುದು ದೊಡ್ಡ ವಿಷಯವೇ ಅಲ್ಲ. ಆಸ್ಪತ್ರೆ, ಕಾಲೇಜು, ಉದ್ಯಮಬಾಗದ ಕಾರ್ಖಾನೆ ಅಂತ ಮನೆ ಕೇಳುವವರು ಇದ್ದೇ ಇರುತ್ತಾರೆ. ಬೆಳಗಾವಿಯಲ್ಲಿ ಮನೆ ನೋಡಿಕೊಳ್ಳುವುದು ಅಂದರೆ ಮಳೆಗಾಲ ನೋಡಿಕೊಳ್ಳುವುದು. ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್‌ವರೆಗೆ ಬಿಡುವುದಿಲ್ಲ, ನಿಮಗೂ ಗೊತ್ತಲ್ವಾ? ಸ್ಲ್ಯಾಬ್ ಸೋರುತ್ತದೆ, ಗೋಡೆಗೆ ಬೂಷ್ಟು ಹಿಡಿಯುತ್ತದೆ, ಆಗ ಫೋನ್ ಎತ್ತದ ಮ್ಯಾನೇಜರ್ ಇದ್ದೂ ಇಲ್ಲದ ಹಾಗೆ.

ನನ್ನ ಈಗಿನ ಮ್ಯಾನೇಜರ್ ಮೊದಲು ಕಟ್ಟಡ ಕೆಲಸದ ಸೂಪರ್‌ವೈಸರ್ ಆಗಿದ್ದವರು. ಮೇ ಕೊನೆಗೆ ಯಾರೂ ಹೇಳದೆಯೇ ಟೆರೇಸ್ ಹತ್ತುತ್ತಾರೆ. ನೀರು ಹೋಗುವ ಪೈಪಿನ ಬಾಯಿಗೆ ಸಿಕ್ಕಿದ ಎಲೆ, ಪ್ಲಾಸ್ಟಿಕ್ ಎಲ್ಲ ಕೈ ಹಾಕಿ ತೆಗೆದು, ಒಂದು ಬಕೆಟ್ ನೀರು ಸುರಿದು, ಅದು ಗುಳುಗುಳು ಅಂತ ಇಳಿಯುವ ವಿಡಿಯೋ ಕಳಿಸುತ್ತಾರೆ. ಅದನ್ನು ನೋಡಿದರೆ ನನಗೆ ಎಷ್ಟು ನೆಮ್ಮದಿ ಗೊತ್ತಾ! ರಿಪೇರಿಗೆ 2,000ದವರೆಗೆ ಅವರೇ ಮಾಡಿಸಿ ಬಿಲ್ಲಿನ ಫೋಟೋ ಹಾಕುತ್ತಾರೆ. ಅದಕ್ಕಿಂತ ಜಾಸ್ತಿಯಾದರೆ ಮೊದಲು ಫೋನ್ ಮಾಡಬೇಕು. ಇದನ್ನು ಮೊದಲ ದಿನವೇ ಕಾಗದದಲ್ಲಿ ಬರೆದುಕೊಂಡಿದ್ದೇವೆ.

ಬಾಡಿಗೆದಾರರು ಬದಲಾದಾಗಿನ ಸಣ್ಣಪುಟ್ಟ ಕೆಲಸಗಳನ್ನೂ ಬರೆದುಕೊಳ್ಳಿ. ಹೆಸ್ಕಾಂ ಮೀಟರಿನ ಫೋಟೋ, ಬಾಕಿ ಬಿಲ್, ಗೃಹಜ್ಯೋತಿಯಲ್ಲಿ ಹಳಬರ ಆಧಾರ್ ತೆಗೆಸಿ ಹೊಸಬರದ್ದು ಸೇರಿಸುವುದು, ಹೊಸಬರ ವಿವರ ಪೊಲೀಸ್ ಠಾಣೆಗೆ ಕೊಡುವುದು. ಮನೆ ತೆರಿಗೆ ಏಪ್ರಿಲ್‌ನಲ್ಲೇ ಕಟ್ಟಿಸಿದರೆ ನೂರಕ್ಕೆ 5 ರಿಯಾಯಿತಿ ಸಿಗುತ್ತದೆ.

ಸೋದರಮಾವನ ವಿಷಯ. ಬಾಡಿಗೆ ತಡವಾಯಿತು ಅಂತ ಮಾವನನ್ನು ನೀವು ಗಟ್ಟಿಯಾಗಿ ಕೇಳುತ್ತೀರಾ? ನನ್ನಿಂದಂತೂ ಆಗುತ್ತಿರಲಿಲ್ಲ. ಅವರ ಹತ್ತಿರ ಇನ್ನೊಂದು ಬೀಗದ ಕೈ ಇರಲಿ, ದೀಪಾವಳಿಗೆ ಒಮ್ಮೆ ಮನೆ ಕಡೆ ಹೋಗಿ ಬರಲಿ. ಮ್ಯಾನೇಜರನ್ನು ಗೊತ್ತು ಮಾಡಲು ಮಾತ್ರ ನೀವೇ ಹೋಗಿ, ಅದೂ ಜುಲೈನಲ್ಲಿ ಹೋಗಿ. ಅವರು ಈಗ ನೋಡಿಕೊಳ್ಳುತ್ತಿರುವ ಯಾವುದಾದರೂ ಮನೆ ತೋರಿಸಲು ಹೇಳಿ, ಒಳಗೆ ಹೋಗಿ ಮೇಲಿನ ಸ್ಲ್ಯಾಬ್ ನೋಡಿ.