ಅಳೆಯುವ ಮೊದಲು ಕೊಳಗ ನೋಡಿಕೊಳ್ಳಿ

ಓದುಗರ ಪತ್ರ: ‘ನಾನು ಸಾಗರ ತಾಲ್ಲೂಕಿನವಳು, ರಾಜ್ಯಶಾಸ್ತ್ರದಲ್ಲಿ ಎಂ.ಎ. ಅಂತಿಮ ವರ್ಷ ಓದುತ್ತಿದ್ದೇನೆ. ಗ್ರಾಮಸಭೆಗಳಲ್ಲಿ ಮಹಿಳೆಯರ ಪಾಲ್ಗೊಳ್ಳುವಿಕೆಯ ಬಗ್ಗೆ ಕಿರುಪ್ರಬಂಧ ಬರೆಯಬೇಕಾಗಿದೆ. ಶಿಕ್ಷಣ ಹೆಚ್ಚಿದಂತೆ ಪಾಲ್ಗೊಳ್ಳುವಿಕೆಯೂ ಹೆಚ್ಚುತ್ತದೆ ಎಂಬುದು ನನ್ನ ಪ್ರಾಕ್ಕಲ್ಪನೆ, ಅಂದರೆ ಪರೀಕ್ಷಿಸಿ ನೋಡಬೇಕಾದ ಊಹೆ. ಬಸ್ ನಿಲ್ದಾಣ ಮತ್ತು ಸೊಸೈಟಿಯ ಬಳಿ ನೂರು ಮಹಿಳೆಯರಿಂದ ಪ್ರಶ್ನಾವಳಿ ತುಂಬಿಸಿದ್ದೇನೆ. ಸಂಶೋಧನಾ ವಿಧಾನದ ಅಧ್ಯಾಯ ಮಾತ್ರ ಉಳಿದಿದೆ. ಹಳೆಯ ಪ್ರಬಂಧಗಳಲ್ಲಿ ಎಲ್ಲರೂ ಅದನ್ನು ಒಂದೇ ರೀತಿ ಬರೆದಿದ್ದಾರೆ. ನನಗೆ ಗಣಿತ ಬಾರದು. ವಿಧಾನವನ್ನು ಕಲಿಯುವುದು ಹೇಗೆ? ದಯವಿಟ್ಟು ಹೆಸರು ಪ್ರಕಟಿಸಬೇಡಿ.’

ಸಂಪಾದಕರ ಉತ್ತರ:

ವಂದನೆಗಳು. ಎಲ್ಲರೂ ಆ ಅಧ್ಯಾಯವನ್ನು ಒಂದೇ ರೀತಿ ಬರೆದಿದ್ದಾರೆ ಎಂದು ನೀವು ಗಮನಿಸಿದ್ದು ನನಗೆ ಸಂತೋಷ ತಂದಿತು. ಕೆಲಸವೆಲ್ಲ ಮುಗಿದ ಮೇಲೆ ಬರೆಯಲು ಕುಳಿತರೆ ಆ ಅಧ್ಯಾಯ ಬೇರೆ ರೀತಿಯಲ್ಲಿ ಬರುವುದು ಕಷ್ಟ. ನಿಮ್ಮ ತೀರ್ಮಾನವನ್ನು ಒಪ್ಪದ ಒಬ್ಬರು ನೀವು ನಡೆದ ದಾರಿಯಲ್ಲೇ ನಡೆದು ಅದನ್ನು ಪರೀಕ್ಷಿಸಿ ನೋಡಲು ಬೇಕಾದ ಲೆಕ್ಕವನ್ನು ನಾನು ವಿಧಾನ ಎಂದು ಕರೆಯುತ್ತೇನೆ. ಆ ಲೆಕ್ಕವನ್ನು ಮೊದಲ ದಿನದಿಂದಲೇ ಬರೆದಿಡಬೇಕು. ನೀವು ತಡವಾಗಿ ಕೇಳಿದ್ದೀರಿ, ಆದರೆ ಸರಿಪಡಿಸಲಾಗದಷ್ಟು ತಡವಾಗಿಲ್ಲ.

ನಿಮ್ಮದೇ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದರು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅವರು ಬಂದು ಬಂಧನಕ್ಕೊಳಗಾದ ಆ ಹೋರಾಟದ ಮೂಲದಲ್ಲಿ ಗೇಣಿ ಭತ್ತವನ್ನು ಅಳೆಯುವ ಕೊಳಗದ ಗಾತ್ರದ ಪ್ರಶ್ನೆಯಿತ್ತು. ಹೆಸರಿಗೆ ಕೊಳಗವೇ ಆದರೂ ತಮ್ಮಿಂದ ಗೇಣಿ ಅಳೆದುಕೊಳ್ಳುವ ಕೊಳಗ ದೊಡ್ಡದು ಎಂಬುದು ಗೇಣಿದಾರರ ದೂರಾಗಿತ್ತು. ಸಂಶೋಧನೆಯ ಪಾಠದಲ್ಲಿ ‘ಮಾಪನ’ ಎಂದು ಕಲಿಸುವ ವಿಷಯ ನನಗೆ ಅರ್ಥವಾದದ್ದು ಈ ಕೊಳಗದಿಂದ. ನೀವು ‘ಪಾಲ್ಗೊಳ್ಳುವಿಕೆ’ ಎಂಬ ಪದವನ್ನು ಯಾವ ಕೊಳಗದಿಂದ ಅಳೆದಿದ್ದೀರಿ ಎಂಬುದು ಪತ್ರದಲ್ಲಿ ಇಲ್ಲ. ಹಾಜರಿ ಪುಸ್ತಕದಲ್ಲಿ ಸಹಿ ಮಾಡಿದರೆ ಪಾಲ್ಗೊಂಡಂತೆಯೇ, ಸಭೆ ಮುಗಿಯುವವರೆಗೆ ಕುಳಿತರೆ ಪಾಲ್ಗೊಂಡಂತೆಯೇ, ಎದ್ದು ನಿಂತು ನಮ್ಮ ಕೇರಿಗೆ ನೀರಿಲ್ಲ ಎಂದು ಹೇಳಿದರೆ ಪಾಲ್ಗೊಂಡಂತೆಯೇ, ಅಥವಾ ಆ ಮಾತು ನಡವಳಿ ಪುಸ್ತಕದಲ್ಲಿ ದಾಖಲಾಗಿ ಕ್ರಿಯಾಯೋಜನೆಗೆ ಸೇರಿದರೆ ಮಾತ್ರ ಪಾಲ್ಗೊಂಡಂತೆಯೇ? ಈ ನಾಲ್ಕೂ ಬೇರೆ ಬೇರೆ ಅಳತೆಗಳು. ಮೊದಲನೆಯದರಿಂದ ಅಳೆದರೆ ತುಂಬಿದಂತೆ ಕಾಣುವ ಸಭೆ ನಾಲ್ಕನೆಯದರಿಂದ ಅಳೆದಾಗ ಬರಿದಾಗಿ ಕಾಣಬಹುದು. ‘ನೀವು ಗ್ರಾಮಸಭೆಗೆ ಹೋಗುತ್ತೀರಾ’ ಎಂದು ಕೇಳಿದರೆ ಹೌದು ಎನ್ನುವುದೇ ಮರ್ಯಾದೆ ಎಂದು ಹಲವರು ಹೌದು ಎನ್ನುತ್ತಾರೆ. ಆದ್ದರಿಂದ ‘ಕಳೆದ ಸಭೆ ಎಲ್ಲಿ ನಡೆಯಿತು, ಏನು ಮಾತಾಯಿತು, ನೀವು ಎಷ್ಟು ಹೊತ್ತು ಇದ್ದಿರಿ’ ಎಂದು ಕೇಳಿ, ಬಂದ ಉತ್ತರವನ್ನು ಪಂಚಾಯಿತಿಯ ಪುಸ್ತಕದೊಂದಿಗೆ ಹೋಲಿಸಿ. ಪುಸ್ತಕ ತೋರಿಸಲು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಹಿಂಜರಿದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಬಹುದು, ಮೂವತ್ತು ದಿನಗಳೊಳಗೆ ಉತ್ತರ ಕೊಡಬೇಕು. ಮೊದಲು ವಿಭಾಗದ ಪತ್ರ ಹಿಡಿದು ವಿನಯದಿಂದ ಕೇಳಿ, ಬಹುತೇಕ ಕಡೆ ಅಷ್ಟೇ ಸಾಕಾಗುತ್ತದೆ.

(ಇದೇ ಎಚ್ಚರ ಚುನಾವಣೆಯ ಅಂಕಿಅಂಶಗಳನ್ನು ಬಳಸುವ ನಿಮ್ಮ ಸಹಪಾಠಿಗಳಿಗೂ ಬೇಕು. 1997ರಲ್ಲಿ ಚನ್ನಗಿರಿ ಮತ್ತು ಹೊನ್ನಾಳಿ ತಾಲ್ಲೂಕುಗಳು ಶಿವಮೊಗ್ಗ ಜಿಲ್ಲೆಯಿಂದ ಬೇರ್ಪಟ್ಟು ದಾವಣಗೆರೆ ಜಿಲ್ಲೆಗೆ ಸೇರಿದವು. 2008ರ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಹೊಸನಗರ ವಿಧಾನಸಭಾ ಕ್ಷೇತ್ರವೇ ಇಲ್ಲವಾಯಿತು. ‘ಶಿವಮೊಗ್ಗ ಜಿಲ್ಲೆ’ ಎಂಬ ಹೆಸರಿನ ಹಿಂದಿನ ಕೊಳಗ ಬದಲಾಗಿದೆ ಎಂಬುದನ್ನು ಮರೆತು ಹಳೆಯ ಮತ್ತು ಹೊಸ ಸಂಖ್ಯೆಗಳನ್ನು ಹೋಲಿಸಿದ ಪುಟಗಳನ್ನು ನಾನು ಓದಿದ್ದೇನೆ.)

ಇನ್ನು ಆ ನೂರು ಪ್ರಶ್ನಾವಳಿಗಳ ವಿಷಯ. ಬಸ್ ನಿಲ್ದಾಣದಲ್ಲಿ ಸಿಗುವವರು ಮನೆಯಿಂದ ಹೊರಗೆ ಬರಲು ಅನುಕೂಲವಿರುವ ಮಹಿಳೆಯರು. ಸಭೆಗೆ ಬರಲು ಅನುಕೂಲವಿರುವವರೂ ಬಹುಮಟ್ಟಿಗೆ ಅವರೇ. ತೋಟದ ಅಂಚಿನ ಒಂಟಿ ಮನೆಯಿಂದ ಮೂರು ಮೈಲಿ ನಡೆದು ರಸ್ತೆಗೆ ಬರಬೇಕಾದವರು ನಿಮಗೆ ಅಲ್ಲಿ ಸಿಕ್ಕಿರಲಾರರು. ಈ ತಪ್ಪನ್ನು ನಾನೂ ಮಾಡಿದ್ದೇನೆ. ಮಹಿಳೆಯರಿಗೆ ಶೇಕಡ 25 ಮೀಸಲಾತಿ ಕೊಟ್ಟು 1987ರಲ್ಲಿ ನಡೆದ ಮಂಡಲ ಪಂಚಾಯಿತಿ ಚುನಾವಣೆಯ ಬಗ್ಗೆ ವಿದ್ಯಾರ್ಥಿಯಾಗಿದ್ದಾಗ ಪ್ರಬಂಧ ಬರೆದೆ, ‘ತಾಲ್ಲೂಕಿನ ಜನರ ಅಭಿಪ್ರಾಯ’ ಎಂದು ಅದರಲ್ಲಿ ಹತ್ತಾರು ಕಡೆ ಬರೆದೆ. ಮೌಖಿಕ ಪರೀಕ್ಷೆಯಲ್ಲಿ ಹಿರಿಯರೊಬ್ಬರು ಶರಾವತಿ ಹಿನ್ನೀರಿನ ಆಚೆ ದಡದಲ್ಲಿ ಎಷ್ಟು ಜನರನ್ನು ಮಾತನಾಡಿಸಿದ್ದೀರಿ ಎಂದು ಕೇಳಿದರು. ಲಾಂಚ್‌ಗಾಗಿ ಕಾಯಬೇಕೆಂಬ ಒಂದೇ ಕಾರಣಕ್ಕೆ ನಾನು ಒಬ್ಬರನ್ನೂ ಮಾತನಾಡಿಸಿರಲಿಲ್ಲ. ಅಣೆಕಟ್ಟಿಗಾಗಿ ನೆಲ ಬಿಟ್ಟುಕೊಟ್ಟವರ ಮಾತು ತಾಲ್ಲೂಕಿನ ಅಭಿಪ್ರಾಯದಲ್ಲಿ ಸೇರದೇ ಹೋಯಿತು. ಆ ನೋವು ಇಂದಿಗೂ ನನ್ನಲ್ಲಿ ಉಳಿದಿದೆ.

ಆದ್ದರಿಂದ ನೂರರ ಸಂಖ್ಯೆಗಿಂತ ಆ ನೂರು ಮಂದಿಯನ್ನು ಆರಿಸಿದ ಬಗೆ ಮುಖ್ಯ. ಪಂಚಾಯಿತಿಯ ಮತದಾರರ ಪಟ್ಟಿಯಿಂದ ಮಹಿಳೆಯರ ಹೆಸರುಗಳನ್ನು ಬೇರೆ ಬರೆದುಕೊಳ್ಳಿ. ಸಾವಿರದ ಐನೂರು ಹೆಸರುಗಳಿದ್ದು ನಿಮಗೆ ನೂರು ಬೇಕಿದ್ದರೆ, ಒಂದರಿಂದ ಹದಿನೈದರವರೆಗೆ ಚೀಟಿ ಬರೆದು ಒಂದನ್ನು ಎತ್ತಿ, ಅಲ್ಲಿಂದ ಪ್ರತಿ ಹದಿನೈದನೆಯ ಹೆಸರನ್ನು ಗುರುತು ಮಾಡಿ ಅವರ ಮನೆಗೇ ಹೋಗಿ. ಮದುವೆಯಾಗಿ ಹೋದ ಮಗಳ ಹೆಸರು ಪಟ್ಟಿಯಲ್ಲಿ ಉಳಿದಿರಬಹುದು, ಬಂದ ಸೊಸೆಯ ಹೆಸರು ಇನ್ನೂ ಸೇರದಿರಬಹುದು. ಅಂಥ ಕಡೆ ಏನು ಮಾಡಿದಿರಿ ಎಂಬುದನ್ನೂ ಬರೆದಿಡಿ. ಮನೆ ದೂರವಿದೆ ಎಂದು ಪಕ್ಕದ ಮನೆಯವರನ್ನು ಕೇಳಿ ಮುಗಿಸಬೇಡಿ. ಜಗಲಿಯ ಮೇಲೆ ಕುಳಿತು ಕೇಳಿದರೆ ಯಜಮಾನರೇ ಉತ್ತರ ಹೇಳಿಬಿಡುತ್ತಾರೆ. ಹಿತ್ತಿಲಿನಲ್ಲೋ ಅಡಿಕೆ ಸುಲಿಯುವ ಜಾಗದಲ್ಲೋ ಜೊತೆಗೆ ಕುಳಿತು ಮಾತನಾಡಿದರೆ ಸಿಗುವ ಉತ್ತರ ಬೇರೆ. ಈಗಾಗಲೇ ತುಂಬಿಸಿದ ನೂರನ್ನು ಎಸೆಯಬೇಡಿ. ಅದನ್ನು ಪೂರ್ವಪರೀಕ್ಷೆ ಎಂದು ಕರೆದು, ಯಾವ ಪ್ರಶ್ನೆ ಯಾರಿಗೂ ಅರ್ಥವಾಗಲಿಲ್ಲ ಎಂದು ಅದರಿಂದ ಕಲಿಯಿರಿ.

ಪ್ರಾಕ್ಕಲ್ಪನೆಯ ಬಗ್ಗೆ ನನಗೊಂದು ಆತಂಕವಿದೆ. ಅದನ್ನು ಸುಳ್ಳಾಗಿಸಬಲ್ಲ ಸಂಗತಿ ಯಾವುದೆಂದು ನೀವು ಯೋಚಿಸಿದಂತೆ ಕಾಣುವುದಿಲ್ಲ. ಓದಿದವರು ಹೆಚ್ಚು ಬರುತ್ತಾರೆ ಎಂಬುದು ನಿಮ್ಮ ಅಂಕಿಗಳಲ್ಲಿ ಕಂಡರೂ ಅದಕ್ಕೆ ಕಾರಣ ಓದೇ ಆಗಿರಬೇಕಿಲ್ಲ. ಓದಿದವರ ಮನೆ ರಸ್ತೆಗೆ ಹತ್ತಿರವಿರಬಹುದು, ಅವರು ಸ್ವಸಹಾಯ ಸಂಘದ ಸದಸ್ಯರಾಗಿರಬಹುದು, ಸಭೆ ನಡೆದ ದಿನ ಅವರಿಗೆ ಕೂಲಿ ತಪ್ಪದಿರಬಹುದು. ಒಬ್ಬಳು ಓದಿದವಳು ಸಭೆಗೆ ಬಾರದಿದ್ದರೆ, ಒಬ್ಬಳು ಓದದವಳು ಪ್ರತಿ ಸಭೆಯಲ್ಲೂ ಮಾತನಾಡಿದರೆ, ಅವರಿಬ್ಬರ ಮನೆಯಲ್ಲಿ ತಲಾ ಅರ್ಧ ದಿನ ಕಳೆಯಿರಿ. ನಿಮ್ಮ ಪ್ರಬಂಧದ ಅತ್ಯುತ್ತಮ ಪುಟಗಳು ಅಲ್ಲಿ ಸಿಗುತ್ತವೆ.

ಕಾರಣವನ್ನು ಬೇರ್ಪಡಿಸುವ ಒಂದು ದಾರಿಗೆ ಒಳ್ಳೆಯ ಉದಾಹರಣೆ ನಮ್ಮ ದೇಶದಲ್ಲೇ ಇದೆ. ರಾಘವೇಂದ್ರ ಚಟ್ಟೋಪಾಧ್ಯಾಯ ಮತ್ತು ಎಸ್ತರ್ ಡುಫ್ಲೊ ಅವರು ಪಶ್ಚಿಮ ಬಂಗಾಳದ ಬೀರಭೂಮ್ ಹಾಗೂ ರಾಜಸ್ಥಾನದ ಉದಯಪುರ ಜಿಲ್ಲೆಗಳ 265 ಪಂಚಾಯಿತಿಗಳನ್ನು ಅಧ್ಯಯನ ಮಾಡಿ 2004ರಲ್ಲಿ ಫಲಿತಾಂಶ ಪ್ರಕಟಿಸಿದರು. ಅಲ್ಲಿ ಪ್ರಧಾನರ, ಅಂದರೆ ಪಂಚಾಯಿತಿ ಮುಖ್ಯಸ್ಥರ, ಸ್ಥಾನ ಯಾವ ಊರಿನಲ್ಲಿ ಮಹಿಳೆಗೆ ಮೀಸಲಾಗಬೇಕೆಂಬುದು ಊರಿನವರ ಇಷ್ಟದಂತೆ ನಿರ್ಧಾರವಾಗದೆ ಯಾದೃಚ್ಛಿಕವಾಗಿ, ಚೀಟಿ ಎತ್ತಿದ ಹಾಗೆ, ನಿರ್ಧಾರವಾಗಿತ್ತು. ಹೀಗಾಗಿ ಮೀಸಲಾದ ಊರು ಮತ್ತು ಮೀಸಲಾಗದ ಊರುಗಳು ಮೊದಲಿನಿಂದಲೂ ಬೇರೆಯಾಗಿದ್ದವು ಎಂಬ ಆಕ್ಷೇಪಕ್ಕೆ ಎಡೆಯಿರಲಿಲ್ಲ. ಮಹಿಳೆ ಪ್ರಧಾನರಾದ ಕಡೆ ಕುಡಿಯುವ ನೀರಿನಂತಹ, ಮಹಿಳೆಯರು ಹೆಚ್ಚು ಕೇಳುವ ಕೆಲಸಗಳಿಗೆ ಹೆಚ್ಚು ಹಣ ಹೋಗಿತ್ತು. ಬೀರಭೂಮ್‌ನ ಸಭೆಗಳಲ್ಲಿ ಮಹಿಳೆಯರ ಪಾಲೂ ಹೆಚ್ಚಿತ್ತು. ನೀವು ಇಷ್ಟು ದೊಡ್ಡ ಕೆಲಸ ಮಾಡಬೇಕಿಲ್ಲ. ದೂರ, ಬೆಳೆ, ಜನಸಂಖ್ಯೆಗಳಲ್ಲಿ ಸಮನಾದ, ಅಧ್ಯಕ್ಷ ಸ್ಥಾನ ಒಂದರಲ್ಲಿ ಮಹಿಳೆಗೆ ಮೀಸಲಾಗಿ ಇನ್ನೊಂದರಲ್ಲಿ ಆಗದಿರುವ ಎರಡು ಪಂಚಾಯಿತಿಗಳನ್ನು ಆರಿಸಿಕೊಂಡರೆ ಸಾಕು. ಆದರೆ ಇಲ್ಲಿ ಮೀಸಲಾತಿ ಹೇಗೆ ಹಂಚಿಕೆಯಾಯಿತು ಎಂಬುದನ್ನು ಮೊದಲು ತಿಳಿದುಕೊಳ್ಳಿ, ಎರಡು ಊರುಗಳಿಂದ ಇಡೀ ಮಲೆನಾಡಿನ ಬಗ್ಗೆ ತೀರ್ಪು ಕೊಡಬೇಡಿ.

ಗಣಿತದ ಭಯ ಬೇಡ. ಶೇಕಡಾವಾರು, ಸರಾಸರಿ, ಎರಡು ಸಂಗತಿಗಳನ್ನು ಅಡ್ಡಸಾಲು ಉದ್ದಸಾಲುಗಳಲ್ಲಿ ಇಟ್ಟು ನೋಡುವ ಕೋಷ್ಟಕ, ಇಷ್ಟು ಕಿರುಪ್ರಬಂಧಕ್ಕೆ ಸಾಕು. ಚೀಟಿ ಎತ್ತಿ ಆರಿಸಿದ ನೂರು ಜನರಿಂದ ಬಂದ ಶೇಕಡಾವಾರು ಸುಮಾರು ಹತ್ತರಷ್ಟು ಅತ್ತಿತ್ತ ಇರಬಹುದು. ಅದನ್ನು ಐದಕ್ಕೆ ಇಳಿಸಬೇಕಾದರೆ ನಾನೂರು ಜನ ಬೇಕು. ಬಸ್ ನಿಲ್ದಾಣದಲ್ಲಿ ಕೇಳಿದವರ ಸಂಖ್ಯೆಯನ್ನು ನಾಲ್ಕು ಸಾವಿರಕ್ಕೆ ಏರಿಸಿದರೂ ಈ ಲೆಕ್ಕ ಅವರಿಗೆ ಅನ್ವಯಿಸುವುದಿಲ್ಲ. ಓದಲು ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ (ಇಗ್ನೋ) ರಾಜ್ಯಶಾಸ್ತ್ರದ ಪಾಠಗಳು ಅದರ ಇ-ಜ್ಞಾನಕೋಶ ಜಾಲತಾಣದಲ್ಲಿ ಉಚಿತವಾಗಿವೆ, ಶೋಧಗಂಗಾ ಜಾಲತಾಣದಲ್ಲಿ ಪಿಎಚ್.ಡಿ. ಪ್ರಬಂಧಗಳಿವೆ. ಪ್ರಬಂಧ ಓದುವಾಗ ಈ ತೀರ್ಮಾನಕ್ಕೆ ಇವರು ಹೇಗೆ ಬಂದರು ಎಂದು ಪುಟದ ಅಂಚಿನಲ್ಲಿ ಪ್ರಶ್ನೆ ಬರೆಯುತ್ತಾ ಓದಿ.

ಮಳೆ ಹಿಡಿದರೆ ಒಳದಾರಿಗಳಲ್ಲಿ ಓಡಾಡುವುದು ಕಷ್ಟ, ಕೊಯ್ಲಿನಲ್ಲಿ ಯಾರಿಗೂ ಪುರುಸೊತ್ತಿಲ್ಲ. ಕೊಯ್ಲು ಮುಗಿದು ಮಳೆ ಬರುವ ನಡುವಿನ ತಿಂಗಳುಗಳನ್ನು ಕ್ಷೇತ್ರಕಾರ್ಯಕ್ಕೆ ಇಟ್ಟುಕೊಳ್ಳಿ, ನಿಮ್ಮ ಮಾರ್ಗದರ್ಶಕರಿಗೂ ಈ ಬದಲಾವಣೆಯನ್ನು ಬರೆದು ತಿಳಿಸಿ. ತಿದ್ದಿದ ಪ್ರಶ್ನಾವಳಿಯನ್ನು ಮೊದಲು ಹತ್ತು ಮನೆಗಳಲ್ಲಿ ಪ್ರಯೋಗಿಸಿ, ಒಂದು ಪ್ರತಿಯನ್ನು ಕಚೇರಿಯ ವಿಳಾಸಕ್ಕೆ ಕಳುಹಿಸಿ. ಓದಿ, ಗುರುತು ಹಾಕಿ, ವಾರದೊಳಗೆ ಹಿಂದಿರುಗಿಸುತ್ತೇನೆ.

ಸಂಪಾದಕ